ಉಪ್ಪುನೀರು ಸಿಡಿದ ಕಿಟ್ ಲೆನ್ಸ್: ಎರರ್ 01, ಝೂಮ್ ಬಿಗಿ. ರಿಪೇರಿಯೋ, ಬೇರೆ ತಗೊಳ್ಳೋದೋ?

ಕಾಳಿದಂಡೆ, ಕಾರವಾರ:
ಎಲ್ಲರಿಗೂ ನಮಸ್ಕಾರ. ನನ್ನದು ಕ್ಯಾನನ್ 1500ಡಿ ಕ್ಯಾಮೆರಾ, ಜೊತೆಗೆ ಬಂದ 18-55 ಐಎಸ್ 2 ಕಿಟ್ ಲೆನ್ಸ್. ಟಾಗೋರ್ ಬೀಚಿನಲ್ಲಿ ತೆರೆ ಸಿಡಿದು ಲೆನ್ಸಿನ ಮೇಲೆ ಉಪ್ಪುನೀರು ಬಿತ್ತು. ಒಣಬಟ್ಟೆಯಲ್ಲಿ ಒರೆಸಿ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೆ. ಮೊದಲು ಸರಿಯಿತ್ತು. ಈಗ ಝೂಮ್ ರಿಂಗ್ 35ರ ಹತ್ತಿರ ಕರಕರ ಅಂತ ಹಿಡೀತದೆ. ಕೆಲವು ಫೋಟೋಗೆ ಎರರ್ 01 (ಲೆನ್ಸ್-ಕ್ಯಾಮೆರಾ ಸಂಪರ್ಕದ ದೋಷ) ಬರ್ತದೆ, ಕೆಲವಕ್ಕೆ ಇಲ್ಲ. ತೊಂದರೆ ಲೆನ್ಸಿನದೋ ಕ್ಯಾಮೆರಾದ್ದೋ? ಮನೆಯಲ್ಲೇ ಬಿಚ್ಚಬಹುದಾ? ಟ್ರೈಪಾಡ್ ಕಾಲುಗಳೂ ಅವತ್ತು ನೀರಲ್ಲಿದ್ದವು. ಮಳೆಗಾಲಕ್ಕೆ ಇವನ್ನೆಲ್ಲ ಹೇಗೆ ಇಡೋದು ಅಂತಲೂ ತಿಳಿಸಿ.

ಬೆಲೇಕೇರಿ, ಅಂಕೋಲಾ:
ಕೆಲವಕ್ಕೆ ಬರ್ತದೆ, ಕೆಲವಕ್ಕೆ ಇಲ್ಲ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಎಂ ಮೋಡ್ (ಎಲ್ಲವನ್ನೂ ಕೈಯಲ್ಲೇ ಹೊಂದಿಸುವುದು), ಝೂಮ್ 18, ಶಟರ್ 1 ಸೆಕೆಂಡ್ ಇಟ್ಟು ಎಫ್3.5ರಲ್ಲಿ ಹತ್ತು ಫೋಟೋ ತೆಗೀರಿ, ಆಮೇಲೆ ಎಫ್8ರಲ್ಲಿ ಹತ್ತು. 3.5ರಲ್ಲಿ ಒಂದೂ ಬಾರದೆ 8ರಲ್ಲಿ ಮಾತ್ರ ಎರರ್ ಬಂದರೆ ತೊಂದರೆ ಲೆನ್ಸಿನ ಅಪರ್ಚರ್‌ನದ್ದು, ಅಂದರೆ ಬೆಳಕು ಬಿಡುವ ತೂತಿನದ್ದು (ಎಫ್ ಅಂಕೆ ಹೆಚ್ಚಿದಷ್ಟೂ ತೂತು ಕಿರಿದು). 18ರಲ್ಲಿ 3.5 ಅಂದರೆ ಪೂರ್ತಿ ತೆರೆದ ಸ್ಥಿತಿ, ಅದರ ಎಲೆಗಳು ಅಲುಗಬೇಕಾಗಿಲ್ಲ. ಎಫ್8ಕ್ಕೆ ಅವು ಮುಚ್ಚಿಕೊಳ್ಳಬೇಕು, ಆ ಒಂದು ಸೆಕೆಂಡಿನಲ್ಲಿ ಮುಂದಿನಿಂದ ನೋಡಿದರೆ ಕಾಣ್ತದೆ ಕೂಡ. ಅಪರ್ಚರ್‌ಗೆ ಹೋಗುವ ತೆಳು ಫ್ಲೆಕ್ಸ್ ಕೇಬಲ್ ಝೂಮ್ ಮಾಡಿದಾಗಲೆಲ್ಲ ಮಡಚ್ತದೆ. ಈ ಲೆನ್ಸಿನಲ್ಲಿ ಉಪ್ಪುನೀರು ತಾಗದಿದ್ದರೂ ತುಂಡಾಗುವ ಜಾಗ ಅದು.

3.5ರಲ್ಲೂ ಎರರ್ ಬಂದರೆ ಸಂಪರ್ಕದ ಪಿನ್ ನೋಡಿ. ಬ್ಯಾಟರಿ ತೆಗೆದು ಲೆನ್ಸ್ ಬಿಚ್ಚಿ, ಬಾಡಿಯನ್ನು (ಲೆನ್ಸ್ ಬಿಟ್ಟ ಕ್ಯಾಮೆರಾ) ಬಾಯಿ ಕೆಳಗಾಗಿ ಹಿಡಿದು ಕೆಲಸ ಮಾಡಿ. ಬಾಡಿ ಕಡೆಯ ಚಿನ್ನದ ಬಣ್ಣದ ಪಿನ್ನುಗಳಿಗೆ ಸ್ಪ್ರಿಂಗ್ ಇದೆ. ಒಂದೊಂದನ್ನೂ ಹಲ್ಲುಕಡ್ಡಿಯಿಂದ ಮೆಲ್ಲಗೆ ಒತ್ತಿ. ಒತ್ತಿದ್ದು ತಕ್ಷಣ ಮೇಲೆ ಬರಬೇಕು, ಎಲ್ಲ ಒಂದೇ ಎತ್ತರಕ್ಕೆ ನಿಲ್ಲಬೇಕು. ಒಳಗೇ ಕೂತ ಪಿನ್ ಸುತ್ತ ಉಪ್ಪು ಹರಳುಗಟ್ಟಿರ್ತದೆ. ನೂಲು ಬಿಡದ ಬಟ್ಟೆಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೇ ಹನಿ ಹಾಕಿ ಒರೆಸಿ. ರಬ್ಬರಿನಿಂದ ಉಜ್ಜಬೇಡಿ, ಚಿನ್ನದ ಲೇಪ ಬಲು ತೆಳು.

ಅಕ್ಕಿ ಯಾಕೆ ಉಪಯೋಗಕ್ಕೆ ಬರಲಿಲ್ಲ ಅಂದರೆ, ನೀರು ಆರಿದರೂ ಉಪ್ಪು ಅಲ್ಲೇ ಉಳೀತದೆ. ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದರೆ ಅಡುಗೆ ಉಪ್ಪೇ ನೀರೊಡೀತದೆ. ಕಡಲುಪ್ಪಿನಲ್ಲಿ ಮೆಗ್ನೀಸಿಯಮ್ ಕ್ಲೋರೈಡೂ ಇರುವುದರಿಂದ ಅದು ಇನ್ನೂ ಕಡಿಮೆ ತೇವದಲ್ಲೇ ಒದ್ದೆಯಾಗ್ತದೆ. ನಮ್ಮ ಕರಾವಳಿಯಲ್ಲಿ ಅದು ಆರುವುದು, ಮತ್ತೆ ಒದ್ದೆಯಾಗುವುದು ನಡೆದೇ ಇರ್ತದೆ, ಬ್ಯಾಟರಿ ಇದ್ದರೆ ತಾಮ್ರ ಬೇಗ ತಿಂದುಹೋಗ್ತದೆ. ಇನ್ನೊಮ್ಮೆ ಹೀಗಾದರೆ ಆನ್ ಮಾಡಿ ನೋಡುವ ಆಸೆ ಬಿಟ್ಟು ಮೊದಲು ಬ್ಯಾಟರಿ ತೆಗೀರಿ. ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ, ಆಮೇಲೆ ಒಣಬಟ್ಟೆ. ಗಾಜಿನ ಮೇಲೆ ಮರಳಿದ್ದರೆ ಬ್ಲೋವರ್ (ಗಾಳಿ ಊದುವ ರಬ್ಬರ್ ಬುರುಡೆ) ಹೊಡೆಯದೆ ಬಟ್ಟೆ ತಾಗಿಸಬೇಡಿ.

ಬಾಡಿ ಮಾತ್ರ ಮನೆಯಲ್ಲಿ ಬಿಚ್ಚಲೇಬೇಡಿ. ಒಳಗಿನ ಫ್ಲ್ಯಾಶಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಇರ್ತದೆ, ಬ್ಯಾಟರಿ ತೆಗೆದ ಮೇಲೂ ಹೊಡೀಬಹುದು.

ಅಡಿಕೆಚಪ್ಪರ, ಶಿರಸಿ:
ಇಡುವ ವಿಷಯಕ್ಕೆ: ತೇವ 40ರಿಂದ 50 ಶೇಕಡಾ ಇದ್ದರೆ ಸಾಕು. 65 ದಾಟಿ ಹಾಗೇ ನಿಂತರೆ ಲೆನ್ಸಿಗೆ ಬೂಷ್ಟು ಹಿಡೀತದೆ. ತೀರಾ ಇಳಿಸಿ 30ಕ್ಕಿಂತ ಕೆಳಗೆ ಇಡುವುದೂ ಬೇಡ, ಗ್ರೀಸು ರಬ್ಬರು ಒಣಗ್ತವೆ. ರಬ್ಬರ್ ಅಂಚಿನ ಗಾಳಿಯಾಡದ 10 ಲೀಟರ್ ಡಬ್ಬಿ, 200 ಗ್ರಾಂ ಸಿಲಿಕಾ ಜೆಲ್, ಒಂದು ಸಣ್ಣ ಡಿಜಿಟಲ್ ತೇವಮಾಪಕ. ಕಿತ್ತಳೆ ಬಣ್ಣದ ಜೆಲ್ ತಗೊಳ್ಳಿ, ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರ್ತದೆ, ಅದು ವಿಷ. ಬಣ್ಣ ತಿರುಗಿದಾಗ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ತಾಸು ಕಾಯಿಸಿ, ಪೂರ್ತಿ ಆರಿಸಿ ಒಳಗಿಡಿ. ಅಡುಗೆ ಪಾತ್ರೆ ಬೇಡ.

ಕ್ಯಾಮೆರಾ ಬ್ಯಾಗಿನಲ್ಲೇ ಇಟ್ಟು ಡಬ್ಬಿಗೆ ಹಾಕಬೇಡಿ, ಒಳಗಿನ ಸ್ಪಂಜು ತೇವ ಹಿಡಿದಿಡ್ತದೆ. ಬೆಚ್ಚಗಿರ್ತದೆ ಅಂತ ಒಲೆಯ ಮೇಲಿನ ಅಟ್ಟಕ್ಕೂ ಏರಿಸಬೇಡಿ. ಹೊಗೆಯ ಜಿಡ್ಡು ಗಾಜಿಗೆ ಕೂತರೆ ಬಿಡಿಸುವುದು ಕಷ್ಟ.

ಕಾಳಿದಂಡೆ, ಕಾರವಾರ:
ಪರೀಕ್ಷೆ ಮಾಡಿದೆ. 3.5ರಲ್ಲಿ ಒಂದೂ ಎರರ್ ಇಲ್ಲ, 8ರಲ್ಲಿ ಹೆಚ್ಚಿನವಕ್ಕೆ ಬಂತು. ಪಿನ್ನುಗಳೆಲ್ಲ ಸಮ ಇವೆ. ಹಾಗಾದರೆ ಕೇಬಲ್ ತರಿಸಿ ಹಾಕಿಸಲಾ?

ಶರಾವತಿ ಅಳಿವೆ, ಹೊನ್ನಾವರ:
ಬೇಡ ಸರ್. ಕೇಬಲ್ಲಿನದು ದೊಡ್ಡ ಖರ್ಚಲ್ಲ, ಕೂಲಿ ದೊಡ್ಡದು. ಅಪರ್ಚರ್ ತನಕ ಹೋಗಲು ಲೆನ್ಸನ್ನು ಪೂರ್ತಿ ಬಿಚ್ಚಬೇಕು, ಕೂಡಿಸುವಾಗ ಗಾಜು ಸ್ವಲ್ಪ ಓರೆಯಾದರೂ ಫೋಟೋದ ಒಂದು ಬದಿ ಮಂಜಾಗ್ತದೆ. ನಿಮ್ಮದರಲ್ಲಿ ಝೂಮ್ ಕರಕರ ಅಂತಿರುವುದರಿಂದ ಅದರ ಹಳಿಗೂ ಮರಳೋ ಉಪ್ಪೋ ಹೋಗಿರಬೇಕು. ಸೆಕೆಂಡ್ ಹ್ಯಾಂಡ್ ಲೆನ್ಸಿನ ಬೆಲೆಯ ಅರ್ಧಕ್ಕಿಂತ ಹೆಚ್ಚು ರಿಪೇರಿಗೆ ಕೇಳಿದರೆ ಕಿಟ್ ಲೆನ್ಸ್ ಬಿಟ್ಟುಬಿಡುವುದೇ ಸರಿ. ಅದೇ ಒಂದು ದುಬಾರಿ ಮ್ಯಾಕ್ರೋ (ಸಣ್ಣ ವಸ್ತುವನ್ನು ಹತ್ತಿರದಿಂದ ತೆಗೆಯುವ) ಲೆನ್ಸ್ ಆಗಿದ್ದರೆ ರಿಪೇರಿ ಮಾಡಿಸಿ ಅಂತಿದ್ದೆ.

ತಗೊಳ್ಳೋದಾದರೆ 18-55 ಐಎಸ್ ಎಸ್‌ಟಿಎಂ (ಫೋಕಸ್‌ಗೆ ಸ್ಟೆಪ್ಪಿಂಗ್ ಮೋಟಾರ್ ಇರುವ ಲೆನ್ಸ್) ನೋಡಿ. ಫಿಲ್ಟರ್ ಅಳತೆ ಅದೇ 58 ಮಿಮೀ, ನಿಮ್ಮ ಫಿಲ್ಟರು, ಮುಚ್ಚಳ ಹೊಂದ್ತವೆ. ಫೋಕಸ್ ಮಾಡುವಾಗ ಮುಂಭಾಗ ತಿರುಗದ ಕಾರಣ ಪೋಲರೈಸರ್ (ತಿರುಗಿಸಿ ಹೊಳಪು ಕಡಿಮೆ ಮಾಡುವ ಫಿಲ್ಟರ್) ಬಳಸಲೂ ಸುಲಭ. ಕೊಳ್ಳುವ ಮುಂಚೆ ಎಫ್8ರ ಪರೀಕ್ಷೆ ಅಲ್ಲೇ ಮಾಡಿ. ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ, ಜೇಡರಬಲೆಯಂಥ ಎಳೆ ಕಂಡರೆ ಬೂಷ್ಟು, ಬಿಟ್ಟುಬಿಡಿ. ಹಿಂಬದಿಯ ಸ್ಕ್ರೂ ತಲೆಗಳು ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ.

ಟ್ರೈಪಾಡನ್ನು ಮಾತ್ರ ಇವತ್ತೇ ಬಿಚ್ಚಿ. ತಿರುಗಿಸುವ ಲಾಕ್ ಆಗಿದ್ದರೆ ಪ್ರತಿ ಕಾಲಿನ ಕೊಳವೆ ಹೊರಗೆಳೆದು, ಒಳಗಿನ ಪ್ಲಾಸ್ಟಿಕ್ ತುಂಡುಗಳು ಯಾವ ಕಾಲಿನವು ಅಂತ ಫೋಟೋ ಹೊಡೆದಿಟ್ಟುಕೊಳ್ಳಿ. ಸಿಹಿನೀರಲ್ಲಿ ತೊಳೆದು, ಹಳೆ ಹಲ್ಲುಜ್ಜುವ ಬ್ರಶ್‌ನಿಂದ ಲಾಕಿನ ಮರೆ (ತಿರುಪಿನ ಸುರುಳಿ ಗೆರೆ) ತಿಕ್ಕಿ, ನೆರಳಲ್ಲಿ ಪೂರ್ತಿ ಆರಿಸಿ. ಮರೆಗೆ ಮಾತ್ರ ತೆಳ್ಳಗೆ ಲಿಥಿಯಂ ಗ್ರೀಸ್ ಸಾಕು. ಕೊಳವೆಗೆ ಎಣ್ಣೆ ಹಚ್ಚಿದರೆ ಮರಳು ಅಂಟಿ ಅರೆದುಹಾಕ್ತದೆ. ಇನ್ನು ತೆರೆಯಲ್ಲಿ ನಿಲ್ಲಿಸುವಾಗ ಎಲ್ಲಕ್ಕಿಂತ ಕೆಳಗಿನ ಸಣ್ಣ ಕೊಳವೆಯನ್ನೇ ಮೊದಲು ಪೂರ್ತಿ ಎಳೀರಿ, ಲಾಕ್ ನೀರಿನಿಂದ ಮೇಲೆ ಉಳೀತದೆ.