ಗೋಡೆಯ ಮೇಲ್ಗಡೆ ಬಾಗಿಲು, ಆಚೆ ಏನೂ ಇಲ್ಲ. ಇದೇನಿದು?

ದಾರಿಹೋಕ:
ಹೋದ ವಾರ ಇಂಗ್ಲೆಂಡಿನ ಸಫೋಕ್ ಕಡೆ ಸುತ್ತಾಡುವಾಗ ಒಂದು ಹಳ್ಳಿ ಚರ್ಚ್ ಒಳಗೆ ಹೋದೆ. ಬಾಗಿಲು ತೆಗೆದೇ ಇತ್ತು, ಒಳಗೆ ಒಂದು ನರಪಿಳ್ಳೆ ಇಲ್ಲ. 14ನೇ ಶತಮಾನದ್ದು ಅಂತ ಬೋರ್ಡ್ ಇತ್ತು, ಅಷ್ಟೇ.

ಜನ ಕೂರುವ ಜಾಗಕ್ಕೂ ಬಲಿಪೀಠದ ಭಾಗಕ್ಕೂ ನಡುವೆ ದೊಡ್ಡ ಕಮಾನು. ಅದರ ಎಡಕ್ಕೆ, ಎರಡಾಳು ಎತ್ತರದಲ್ಲಿ, ಒಂದು ಪುಟ್ಟ ಬಾಗಿಲು! ದಾಟಿದರೆ ನೇರ ಕೆಳಗೆ ಬೀಳೋದೇ. ಕೆಳಗಡೆ ಇನ್ನೊಂದು ಕಿರುಬಾಗಿಲು, ಅದರಿಂದ ಗೋಡೆಯೊಳಗೇ ಸುತ್ತಿಕೊಂಡು ಹೋಗುವ ಮೆಟ್ಟಿಲು. ಹತ್ತುವಾಗ ಭುಜ ಎರಡೂ ಕಡೆ ಉಜ್ಜುತ್ತೆ. ಮೆಟ್ಟಿಲು ನಡುವಲ್ಲಿ ಸವೆದು ತಟ್ಟೆ ಥರ ಆಗಿದೆ. ಎಲ್ಲಿಗೆ ಹೋಗ್ತಿದ್ರು ಮಾರಾಯ್ರೆ?

ಇನ್ನೆರಡು: ಬಲಿಪೀಠದ ಬಲಗಡೆ ಗೋಡೆಯ ಗೂಡಿನಲ್ಲಿ ಕಲ್ಲಿನ ಬಟ್ಟಲು, ತಳದಲ್ಲಿ ತೂತು, ನಲ್ಲಿ ಇಲ್ಲ. ಕಮಾನಿನ ಪಕ್ಕ ಗೋಡೆಯಲ್ಲಿ ಓರೆಯಾಗಿ ಕೊರೆದ ಕಿಂಡಿ.

ಕಲ್ಲುಕುಟಿಗ:
ಮೆಟ್ಟಿಲು ಸರಿಯಾಗೇ ಇದೆ, ಅದು ಹೋಗಿ ಸೇರುತ್ತಿದ್ದ ಅಟ್ಟ ಇಲ್ಲ ಅಷ್ಟೇ! ಜನ ನಿಲ್ಲುತ್ತಿದ್ದ ಭಾಗ ನೇವ್, ಪಾದ್ರಿಗಳ ಭಾಗ ಚಾನ್ಸೆಲ್. ಎರಡರ ನಡುವೆ ಕಮಾನಿಗೆ ಅಡ್ಡವಾಗಿ ಕೆತ್ತನೆಯ ಮರದ ತಡಿಕೆ ಇರುತ್ತಿತ್ತು, ರೂಡ್ ಸ್ಕ್ರೀನ್ ಅಂತಾರೆ. ರೂಡ್ ಅಂದರೆ ಶಿಲುಬೆ. ತಡಿಕೆಯ ಮೇಲೆ ಅಟ್ಟ, ಅದರ ಮೇಲೆ ಶಿಲುಬೆಯ ಯೇಸು, ಅಕ್ಕಪಕ್ಕ ಮರಿಯಮ್ಮ ಮತ್ತು ಯೋಹಾನ. ಅಲ್ಲಿ ಮೇಣದಬತ್ತಿ ಹಚ್ಚೋಕೆ, ನೋಡಿಕೊಳ್ಳೋಕೆ ಯಾರಾದರೂ ಹತ್ತಲೇಬೇಕಲ್ಲ.

ಆಮೇಲೆ ಮೂರ್ತಿಪೂಜೆ ಬೇಡ ಅನ್ನುವ ಪ್ರಾಟೆಸ್ಟಂಟ್ ಪಂಥ ಬಂತು; ರಾಜ 6ನೇ ಎಡ್ವರ್ಡ್ ಕಾಲದಲ್ಲಿ ಮೂರ್ತಿಗಳು ಹೋದವು. 1561ರಲ್ಲಿ ಎಲಿಜಬೆತ್ ರಾಣಿ ಅಟ್ಟಗಳನ್ನೂ ಇಳಿಸಿ ಅಂದಳು, ಕೆಳಗಿನ ತಡಿಕೆ ಇರಲಿ ಅಂತಲೂ ಹೇಳಿದಳು. ಮರ ಕಿತ್ತು ಹಾಕಿದರು, ಗೋಡೆ ಒಡೆಯೋಕೆ ಯಾರು ಹೋಗ್ತಾರೆ? ಹಾಗಾಗಿ ಮೆಟ್ಟಿಲು ಉಳಿಯಿತು. ತಡಿಕೆ ನೋಡಬೇಕಾದರೆ ನಾರ್ಫೋಕ್‌ನ ರ‍್ಯಾನ್‌ವರ್ತ್‌ಗೆ ಹೋಗಿ, ಸಂತರ ಚಿತ್ರಗಳ ಬಣ್ಣ ಇನ್ನೂ ಇದೆ.

ಸಂಜೆಮಲ್ಲಿಗೆ:
ಬಟ್ಟಲಿನ ಹೆಸರು ಪಿಸೀನಾ. ಬಲಿಪೂಜೆಯಲ್ಲಿ (ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಪೂಜೆ) ಪಾದ್ರಿ ಕೈ ತೊಳೆದ ನೀರು, ಪಾನಪಾತ್ರೆ ತೊಳೆದ ನೀರು, ಎರಡನ್ನೂ ಕಂಡಲ್ಲಿ ಚೆಲ್ಲುವಂತಿಲ್ಲ. ತೂತಿನಿಂದ ಇಳಿದು ಚರ್ಚಿನ ಮಣ್ಣಿಗೇ ಸೇರಬೇಕು. ಇದರಿಂದ ಒಂದು ಉಪಯೋಗ ಇದೆ: ಬೇರೆ ಯಾವ ಮೂಲೆಯಲ್ಲಿ ಪಿಸೀನಾ ಕಂಡರೂ ಅಲ್ಲಿ ಹಿಂದೆ ಒಂದು ಬಲಿಪೀಠ ಇತ್ತು ಅಂತ ತಿಳ್ಕೊಳ್ಳಿ.

ಓರೆ ಕಿಂಡಿ ಸ್ಕ್ವಿಂಟ್. ಪಕ್ಕದಲ್ಲಿ ನಿಂತವರಿಗೂ ಮುಖ್ಯ ಬಲಿಪೀಠದಲ್ಲಿ ಪಾದ್ರಿ ರೊಟ್ಟಿ ಎತ್ತುವುದು ಕಾಣಲಿ ಅಂತ. ಕುಷ್ಠರೋಗಿಗಳಿಗೆ ಮಾಡಿದ್ದು ಅಂತ ಕಥೆ ಹೇಳುವವರು ಜಾಸ್ತಿ. ಸುಮ್ನೆ. ಕಿಂಡಿಯ ಎರಡೂ ಬಾಯಿ ಕಟ್ಟಡದ ಒಳಗೇ ಇವೆ, ಹೊರಗೆ ನಿಂತವನಿಗೆ ಏನು ಕಾಣುತ್ತೆ?

ದಾರಿಹೋಕ:
ಇಬ್ಬರಿಗೂ ಥ್ಯಾಂಕ್ಸ್! ಹಾಗಾದರೆ ಇದನ್ನೂ ಹೇಳಿಬಿಡಿ. ಬಾಗಿಲ ಹತ್ತಿರದ ಫಾಂಟ್ (ಅಕ್ಷರದ್ದಲ್ಲ, ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ) ಅಂಚಿನಲ್ಲಿ ಎದುರುಬದುರು ಎರಡು ಕಡೆ ಕಲ್ಲು ಕಿತ್ತಿದೆ. ಒಂದರಲ್ಲಿ ತುಕ್ಕು ಹಿಡಿದ ಕಬ್ಬಿಣದ ಚೂರು.

ಸಂಜೆಮಲ್ಲಿಗೆ:
ಬೀಗದ್ದು! ಮಂತ್ರಿಸಿದ ನೀರನ್ನು ತೊಟ್ಟಿಯಲ್ಲೇ ಇಡುತ್ತಿದ್ದರು. ಅದನ್ನು ಕದ್ದು ಮಾಟಕ್ಕೆ ಬಳಸ್ತಾರೆ ಅನ್ನೋ ಭಯ. 1236ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ರಿಚ್, ತೊಟ್ಟಿಗೆ ಮುಚ್ಚಳ ಹಾಕಿ ಬೀಗ ಜಡಿಯಿರಿ ಅಂತ ಆಜ್ಞೆ ಮಾಡಿದ. ಆಮೇಲೆ ಯಾರೋ ಕೊಂಡಿ ಮೀಟಿ ಕಿತ್ತಾಗ ಕಲ್ಲೂ ಜೊತೆಗೆ ಬಂದಿರುತ್ತೆ. ಸಫೋಕ್‌ನಲ್ಲೇ ಇದ್ದರೆ ಅಫರ್ಡ್ ಚರ್ಚಿನ ಮುಚ್ಚಳ ನೋಡಿ, ಸುಮಾರು 18 ಅಡಿ ಎತ್ತರದ ಮರದ ಗೋಪುರ ಅದು. 1644ರಲ್ಲಿ ವಿಲಿಯಂ ಡೌಸಿಂಗ್ ಚರ್ಚ್ ಚರ್ಚಿಗೂ ಹೋಗಿ ಚಿತ್ರ, ಮೂರ್ತಿ ಎಲ್ಲ ಒಡೆಸಿದ್ದನಲ್ಲ, ಅವನೂ ಇದನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ.

ಕಲ್ಲುಕುಟಿಗ:
ಅಲ್ಲೇ ವೆನ್‌ಹ್ಯಾಸ್ಟನ್‌ಗೂ ಹೋಗಿ. ಕಮಾನಿನ ಮೇಲಿದ್ದ, ಸುಣ್ಣ ಬಳಿದ ಹಳೇ ಹಲಗೆಗಳನ್ನು 1892ರ ರಿಪೇರಿಯಲ್ಲಿ ಕಿತ್ತು ಹೊರಗೆ ಎಸೆದಿದ್ದರು. ರಾತ್ರಿ ಮಳೆ ಬಂತು. ಸುಣ್ಣ ತೊಳೆದುಹೋಗಿ ಬೆಳಿಗ್ಗೆ ನೋಡಿದರೆ ಕೊನೆಯ ತೀರ್ಪಿನ (ಲೋಕಾಂತ್ಯದಲ್ಲಿ ಎಲ್ಲರ ಪಾಪಪುಣ್ಯದ ವಿಚಾರಣೆಯ) ಚಿತ್ರ! ನಡುವೆ ಬಣ್ಣವಿಲ್ಲದ ಆಕಾರಗಳಿವೆ, ಶಿಲುಬೆ ಮತ್ತು ಮೂರ್ತಿಗಳು ನಿಂತಿದ್ದ ಜಾಗ ಅವು.

ದಾರಿಹೋಕ:
ಈಗ ನನ್ನ ಫೋಟೋ ದೊಡ್ಡದು ಮಾಡಿ ನೋಡಿದೆ. ಕಮಾನಿನ ಎರಡೂ ಪಕ್ಕ ಒಂದೇ ಎತ್ತರದಲ್ಲಿ ಚೌಕದ ತೇಪೆ ಹಾಕಿದ ಹಾಗಿದೆ. ಅಲ್ಲಿ ನಿಂತಾಗ ಕಾಣಲೇ ಇಲ್ಲ.

ಕಲ್ಲುಕುಟಿಗ:
ತೊಲೆ ಕೂತಿದ್ದ ಜಾಗ ಇರಬೇಕು. ಮೇಲಿನ ಬಾಗಿಲಿನ ಹೊಸ್ತಿಲಿಗಿಂತ ಸ್ವಲ್ಪ ಕೆಳಗಿದೆಯಾ ನೋಡಿ.

ದಾರಿಹೋಕ:
ಹೌದು, ಒಂದು ಗೇಣು ಕೆಳಗೆ!