ಕುಮಾರ ಪರ್ವತ ಇಳಿದು ಬಂದ ಮೇಲೆ ಮಾಮೂಲಿ ಓಟಕ್ಕೂ ಏದುಸಿರು, ಯಾಕೆ?

ಲಾಲ್‌ಬಾಗ್_ಮುಂಜಾನೆ:
ಕಳೆದ ವಾರಾಂತ್ಯ ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತಿ, ಅದೇ ದಾರಿಯಲ್ಲಿ ಇಳಿದು ಬಂದೆವು. ಹತ್ತುವಾಗ ಎದೆ ಬಡಿದುಕೊಂಡಿದ್ದು ನಿಜ, ಆದರೆ ಇಳಿಯುವಾಗ ಉಸಿರಿಗೆ ಏನೂ ಕಷ್ಟವಾಗಲಿಲ್ಲ, ಹರಟೆ ಹೊಡೆದುಕೊಂಡೇ ಬಂದೆವು. ಈಗ ತೊಡೆ ಹಿಡಿದುಕೊಂಡಿದೆ. ಮೆಟ್ರೋ ಸ್ಟೇಷನ್ ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಿದ್ದೇನೆ, ಇಂಡಿಯನ್ ಟಾಯ್ಲೆಟ್‌ನಲ್ಲಿ ಕೂರಬೇಕೆಂದರೆ ನಲ್ಲಿ ಹಿಡಿದುಕೊಳ್ಳಬೇಕು. ನೋವು ಬರುತ್ತೆ ಅಂತ ಗೊತ್ತಿತ್ತು ಬಿಡಿ, ನನ್ನ ಪ್ರಶ್ನೆ ಬೇರೆ. ಇವತ್ತು ಎಂದಿನ ಪೇಸ್‌ನಲ್ಲೇ ಓಡಿದರೂ ವಾಚಿನಲ್ಲಿ ಹಾರ್ಟ್ ರೇಟ್ ಜಾಸ್ತಿ ತೋರಿಸಿತು, ಜೊತೆಗೆ ಏದುಸಿರು. ಪೆಟ್ಟಾಗಿರುವುದು ಕಾಲಿಗೆ ಅಲ್ವಾ? ಉಸಿರಿಗೇನಾಯಿತು? ಸ್ಟ್ಯಾಮಿನಾ ಇಷ್ಟು ಬೇಗ ಹೋಗುತ್ತಾ?

ಜಿಮ್_ಮಾಮ:
ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ ಗುರು. ಇನ್ನೊಂದು ರೌಂಡ್ ಜೋರಾಗಿ ಓಡು, ಎಲ್ಲ ಹೊರಟು ಹೋಗುತ್ತೆ.

ಫಿಸಿಯೋ_ಶಿವಮೊಗ್ಗ:
ದಯವಿಟ್ಟು ಜೋರಾಗಿ ಓಡಬೇಡಿ. ಲ್ಯಾಕ್ಟಿಕ್ ಆಸಿಡ್ ಕಥೆ ಹಳೆಯದು, ಅದು ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ. ಎರಡನೇ ದಿನ, ಮೂರನೇ ದಿನ ಏರುವ ನೋವಿಗೆ ಅದು ಕಾರಣ ಅಲ್ಲ.

ನಿಮ್ಮ ಸ್ಟ್ಯಾಮಿನಾ ಎಲ್ಲೂ ಹೋಗಿಲ್ಲ. ಅದೇ ಪೇಸ್‌ಗೆ ಕಾಲು ಈಗ ಜಾಸ್ತಿ ಇಂಧನ ಕೇಳುತ್ತಿದೆ, ಅಷ್ಟೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಮೊಣಕಾಲು ಮಡಚುತ್ತದೆ, ಆಗ ತೊಡೆಯ ಮುಂಭಾಗದ ಸ್ನಾಯು ಬಿಗಿ ಹಿಡಿದಿರುವಾಗಲೇ ಉದ್ದಕ್ಕೆ ಎಳೆಯಲ್ಪಡುತ್ತದೆ. ಇದನ್ನು ಎಕ್ಸೆಂಟ್ರಿಕ್ ಕೆಲಸ ಅಂತೀವಿ. ಇದಕ್ಕೆ ಶಕ್ತಿ ಕಡಿಮೆ ಸಾಕು, ಅದಕ್ಕೇ ಹರಟೆ ಸಾಧ್ಯವಾಯಿತು. ಆದರೆ ಕೆಲಸಕ್ಕೆ ಇಳಿಯುವ ಸ್ನಾಯುವಿನ ಎಳೆಗಳೂ ಕಡಿಮೆ, ಹಾಗಾಗಿ ಒಂದೊಂದರ ಮೇಲೂ ಭಾರ ವಿಪರೀತ. ಸುಮಾರು ಒಂದೂವರೆ ಸಾವಿರ ಮೀಟರ್ ಹೀಗೇ ಇಳಿದರೆ ಎಷ್ಟೋ ಎಳೆಗಳ ಒಳಗಿನ ಜೋಡಣೆ ಹರಿಯುತ್ತದೆ, ಬಲ ಕುಗ್ಗುತ್ತದೆ.

ಇವತ್ತಿನ ಓಟಕ್ಕೆ ಬೇಕಾದ ಬಲ ಮಾತ್ರ ಅಷ್ಟೇ ಇದೆಯಲ್ಲ. ಆರು ಜನ ಹೊರುತ್ತಿದ್ದ ತೊಲೆಗೆ ಎಂಟು ಜನ ಕೈ ಹಾಕಿದ ಹಾಗೆ, ಮಿದುಳು ಜಾಸ್ತಿ ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ. ಎಲ್ಲಕ್ಕೂ ಆಕ್ಸಿಜನ್ ಬೇಕು. ಮೇಲಾಗಿ ನೋವಿಗೆ ಮೊಣಕಾಲು ಪೂರ್ತಿ ಮಡಚದೆ ಹೆಜ್ಜೆ ಗಿಡ್ಡವಾಗುತ್ತದೆ, ಸ್ನಾಯು ಎಳೆದು ಪುಟಿಯುವಾಗ ಪುಕ್ಕಟೆ ಸಿಗುತ್ತಿದ್ದ ನೆರವೂ ತಗ್ಗುತ್ತದೆ. ಇಳಿಜಾರು ಓಟದ ನಂತರ ಸಮತಟ್ಟಿನಲ್ಲಿ ಓಡಿಸಿ ಅಳೆದಾಗ ಆಕ್ಸಿಜನ್ ಖರ್ಚು ಸುಮಾರು ಶೇಕಡಾ 3ರಿಂದ 7ರಷ್ಟು ಏರಿದ್ದು ಕಂಡಿದೆ. ನಿಧಾನ ಓಟದಲ್ಲಿ ಅಷ್ಟಾಗಿ ಗೊತ್ತಾಗದೇ ಇರಬಹುದು, ವೇಗ ಹೆಚ್ಚಿಸಿದರೆ ಎದ್ದು ಕಾಣುತ್ತದೆ.

ಲಾಲ್‌ಬಾಗ್_ಮುಂಜಾನೆ:
ಅಬ್ಬ, ಈಗ ಅರ್ಥವಾಯಿತು. ಹಾಗಾದರೆ ಕ್ಯಾಲೊರಿ ಜಾಸ್ತಿ ಸುಡುತ್ತೆ ಅಂತಾಯ್ತು, ತೂಕ ಇಳಿಸೋರಿಗೆ ಲಾಭ ಅಲ್ವಾ 😄

ಫಿಸಿಯೋ_ಶಿವಮೊಗ್ಗ:
ಲೆಕ್ಕ ಹಾಕಿ. 60 ಕಿಲೋ ತೂಕದವರು 10 ಕಿಲೋಮೀಟರ್ ಓಡಿದರೆ ಸುಮಾರು 600 ಕ್ಯಾಲೊರಿ. ಅದರಲ್ಲಿ ಶೇಕಡಾ 5 ಅಂದರೆ 30, ಒಂದು ಇಡ್ಲಿಗೂ ಸಾಲದು! ಅದರ ಆಸೆಗೆ ಅನ್ನ ಬಿಟ್ಟು ಕೂರಬೇಡಿ. ಪೆಟ್ಟಾದ ಸ್ನಾಯು ಗ್ಲೈಕೋಜನ್ (ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯ ಇಂಧನ) ತುಂಬಿಸಿಕೊಳ್ಳುವುದೂ ನಿಧಾನ, ಈಗಲೇ ಸರಿಯಾಗಿ ಊಟ ಮಾಡಬೇಕು.

ಚಾರಣಿಗ_ಸುಳ್ಯ:
ನಮ್ಮ ಕಡೆ ಗುಡ್ಡ ಹತ್ತಿ ಇಳಿದೇ ಬೆಳೆದವರಿಗೆ ಆ ದಾರಿಯಲ್ಲಿ ಸಿಗುವ ಗಿರಿಗದ್ದೆಯ ಇಳಿಜಾರು ಲೆಕ್ಕಕ್ಕೇ ಇಲ್ಲ. ಬೆಂಗಳೂರಿನಿಂದ ಬಂದವರು ಹತ್ತುವುದಕ್ಕೆ ಮಾತ್ರ ತಯಾರಿ ಮಾಡಿರುತ್ತಾರೆ, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾರೆ, ಇಳಿಯಲು ಮತ್ತೆ ಲಿಫ್ಟ್! ಟ್ರೆಕ್‌ಗೆ ಎರಡು ಮೂರು ವಾರ ಮುಂಚೆ ಒಂದು ಸಲ ಮೆಟ್ಟಿಲು ಚೆನ್ನಾಗಿ ಇಳಿದು ಸ್ವಲ್ಪ ಕಾಲು ನೋಯಿಸಿಕೊಂಡಿದ್ದರೂ ಸಾಕು, ಮುಂದಿನ ಸಲ ನೋವು ಎಷ್ಟೋ ಕಡಿಮೆ.

ಫಿಸಿಯೋ_ಶಿವಮೊಗ್ಗ:
@ಚಾರಣಿಗ_ಸುಳ್ಯ ನೂರಕ್ಕೆ ನೂರು ನಿಜ, ಒಂದು ಸಲ ಪೆಟ್ಟು ತಿಂದ ಸ್ನಾಯುವಿಗೆ ಆ ರಕ್ಷಣೆ ಎಷ್ಟೋ ವಾರ ಉಳಿಯುತ್ತದೆ.

ಲಾಲ್‌ಬಾಗ್_ಮುಂಜಾನೆ:
ಭಾನುವಾರ ಲಾಂಗ್ ರನ್ ಇದೆ. ನೋವಿನ ಮಾತ್ರೆ ನುಂಗಿ ಓಡಬಹುದಾ?

ಫಿಸಿಯೋ_ಶಿವಮೊಗ್ಗ:
ಬೇಡ. ಬೆವರು ಹರಿಯುವಾಗ ಆ ಮಾತ್ರೆಗಳಿಂದ ಕಿಡ್ನಿಗೆ ಹೊರೆ. ಅಲ್ಲಿಯವರೆಗೆ ಪೇಸ್ ನೋಡದೆ ಸುಮ್ನೆ ಹಗುರವಾಗಿ ಓಡಿ, ಇಲ್ಲ ನಡೆಯಿರಿ. ಮೆಟ್ಟಿಲನ್ನು ನೇರ ಇಳಿಯಲು ಆದರೆ ಭಾನುವಾರ ಹೋಗಿ, ಆಗದಿದ್ದರೆ ಮುಂದಿನ ವಾರ. ಆದರೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ಅಥವಾ ತೊಡೆ ಊದಿಕೊಂಡು ನೋವು ಏರುತ್ತಲೇ ಹೋದರೆ ಇಲ್ಲಿ ಕೇಳುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಜಿಮ್_ಮಾಮ:
ಬಿಸಿನೀರು ಸ್ನಾನ ಆದರೂ ಮಾಡಬಹುದು ತಾನೇ?

ಫಿಸಿಯೋ_ಶಿವಮೊಗ್ಗ:
ಮಾಡಿ ಮಾಮ, ಹಿತವಾಗಿರುತ್ತೆ.