ತಗಡಿನ ದೋಣಿಯ ತಳ ಗಟ್ಟಿ ಮಾಡಿದವರು ಅನುಭವ ಹೇಳ್ತೀರಾ?

ಶಹಾಬಾದ್‌ನಿಂದ:
ಕಾಗಿಣಾ ಭೀಮೆಗೆ ಸೇರುವ ಕಡೆ ಮೀನು ಹಿಡಿಯುತ್ತೇವೆ. ಕಬ್ಬಿಣದ ದೋಣಿ, ಚಪ್ಪಟೆ ತಳ. 12 ಅಡಿ ಉದ್ದ, 4 ಅಡಿ ಅಗಲ, 2 ಎಂಎಂ ತಗಡು. ಕಾಲಿಟ್ಟರೆ ತಳ ಡಬ್ ಅಂತ ತಗ್ಗುತ್ತದೆ. ಮೇಲೊಂದು 3 ಎಂಎಂ ತಗಡು ಹೊದಿಸಲಾ?

ಕಲಬುರಗಿಯಿಂದ, ವೆಲ್ಡಿಂಗ್ ಕೆಲಸದವನು:
ಬೇಡ ಅಣ್ಣಾ. ಆ ತಗಡೇ 100 ಕೆಜಿ ದಾಟುತ್ತದೆ. ನಿಮ್ಮ ದೋಣಿ 45 ಕೆಜಿಗೆ ಒಂದು ಸೆಂಟಿಮೀಟರ್ ಮುಳುಗುತ್ತದೆ ಅಂತ ಇಟ್ಟುಕೊಳ್ಳಿ. ಬಲೆ, ಮೀನು, ಇಬ್ಬರು ಮನುಷ್ಯರು ಹತ್ತೋ ಮೊದಲೇ ಎರಡು ಸೆಂಟಿಮೀಟರ್ ಹೋಯಿತು! ಜೊತೆಗೆ ಎರಡು ತಗಡಿನ ನಡುವೆ ನೀರು ಹೊಕ್ಕರೆ ಒಳಗೊಳಗೇ ತುಕ್ಕು ತಿನ್ನುತ್ತದೆ, ಹೊರಗೆ ಗೊತ್ತೇ ಆಗಲ್ಲ.

25×25×3 ಎಂಎಂ ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ತನ್ನಿ. ಮೀಟರಿಗೆ ಒಂದು ಕೆಜಿ ಚಿಲ್ಲರೆ ಅಷ್ಟೇ. ಒಳಗಡೆ ಉದ್ದಕ್ಕೆ ಮೂರು ಸಾಲು ಹಾಕಿ. ಆಂಗಲನ್ನು ಮಲಗಿಸಬೇಡಿ, ಒಂದು ಅಂಚು ಮಾತ್ರ ತಳಕ್ಕೆ ತಾಗುವಂತೆ ನಿಲ್ಲಿಸಿ. ಬಲ ಬರೋದು ಎತ್ತರದಿಂದ. ಆಂಗಲ್ ಕೆಳಗೆ ಬಣ್ಣದ ಬ್ರಷ್ಷೂ ಹೋಗುತ್ತದೆ. ಅಡ್ಡಪಟ್ಟಿ ಹಾಕಿದರೆ ತಳಕ್ಕೆ ತಾಗುವ ಕಡೆ ಸಣ್ಣ ಕಚ್ಚು ಬಿಡಿ, ನೀರು ಹಿಂದಕ್ಕೆ ಹರಿದು ಬರಲಿ, ಬಳಿದು ಹಾಕಬಹುದು.

ಒಂದೇ ಎಳೆತಕ್ಕೆ ವೆಲ್ಡ್ ಹೊಡೆಯಬಾರದು. 2 ಎಂಎಂ ತಗಡು ಕಾವಿಗೆ ಸೊಟ್ಟಗಾಗುತ್ತದೆ. ಎರಡು ಇಂಚು ಹೊಡೆದು ನಾಲ್ಕು ಇಂಚು ಬಿಡಿ. ಒಮ್ಮೆ ಈ ತುದಿ, ಒಮ್ಮೆ ಆ ತುದಿ. ಜಿಐ (ಸತು ಲೇಪಿಸಿದ) ತಗಡಾದರೆ ಮೊದಲು ಆ ಲೇಪ ಗ್ರೈಂಡ್ ಮಾಡಿ ತೆಗೆಯಿರಿ, ಬಯಲಲ್ಲೇ ಕೆಲಸ ಮಾಡಿ. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ.

ಯಾದಗಿರಿ ಕಡೆಯಿಂದ:
ಕೃಷ್ಣೆಯಲ್ಲಿ ಬಂಡೆ ಜಾಸ್ತಿ, ನಾವು ಹೊರಗಡೆಯೂ ಉದ್ದಕ್ಕೆ ಪಟ್ಟಿ ಹಾಕಿಸುತ್ತೇವೆ. ಒಳಗಿನ ಆಂಗಲ್ ಸಾಲಿನ ನೇರಕ್ಕೇ ಬರಬೇಕು, ಆಗ ಕಲ್ಲಿನ ಪೆಟ್ಟು ಬರೀ ತಗಡಿಗೆ ಬೀಳಲ್ಲ. ದಡಕ್ಕೆ ಎಳೆಯುವಾಗಲೂ ಸವೆಯೋದು ಪಟ್ಟಿ. ಮುಂದಿನ ತುದಿ ಇಳಿಜಾರಾಗಿ ಉಜ್ಜಿಸಿ, ಇಲ್ಲಾಂದ್ರೆ ಬಲೆ ಸಿಕ್ಕಿಕೊಂಡು ಹರಿಯುತ್ತದೆ.

ಶಹಾಬಾದ್‌ನಿಂದ:
ಹಳೇ ತುಕ್ಕಿನ ಜಾಗಕ್ಕೆ ಏನು ಮಾಡಲಿ?

ಕಲಬುರಗಿಯಿಂದ:
ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಹೋಗಿ. ಠಣ್ ಅನ್ನದೆ ಮಂದ ಸದ್ದು ಬಂದರೆ, ತಗ್ಗಾದರೆ, ಅಷ್ಟು ಕತ್ತರಿಸಿ ಹೊಸ ತುಂಡು ಕೂರಿಸಿ, ಸುತ್ತಲೂ ಪೂರ್ತಿ ವೆಲ್ಡ್ ಮಾಡಿಸಿ. ಬಣ್ಣಕ್ಕೆ ಮುಂಚೆ ಹೊರಗಿನಿಂದ ವೆಲ್ಡ್ ಮಾಡಿದ ಜಾಗಕ್ಕೆ ಸುಣ್ಣ ಬಳಿದು ಒಣಗಿಸಿ, ಒಳಗಿನಿಂದ ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಿ. ಸುಣ್ಣದ ಮೇಲೆ ಒದ್ದೆ ಕಲೆ ಎದ್ದರೆ ಅಲ್ಲೇ ತೂತು. ಎಣ್ಣೆ ಪೂರ್ತಿ ಒರೆಸಿ ಒಣಗಿದ ಮೇಲೇ ಮತ್ತೆ ವೆಲ್ಡಿಂಗ್. ಆಮೇಲೆ ಎಪಾಕ್ಸಿ ಪ್ರೈಮರ್ (ತುಕ್ಕು ತಡೆಯುವ ತಳಬಣ್ಣ) ಎರಡು ಕೈ ಹೊಡೆಯಿರಿ, ಆಂಗಲ್ ಬುಡದ ಸಂದು ಬಿಡಬೇಡಿ.